ಕಾವಿ ಗೋಡೆಯ ಅಕ್ಷರಗಳು

ನಮ್ಮೂರ ದೇವಿಯ ಗುಡಿಯ ಹಳೇ ಕಾವಿ ಗೋಡೆ ಕೆಡವಿ ಟೈಲ್ಸ್ ಗೋಡೆ ಕಟ್ಟಿಸುವ ಠರಾವು ಬರೆದವನು ನಾನೇ. ನಿವೃತ್ತ ಮಾಸ್ತರ, ಅಕ್ಷರ ದುಂಡಗಿದೆ ಎಂದು ಸಮಿತಿಯವರು ಬರೆಯುವ ಕೆಲಸವನ್ನೆಲ್ಲ ನನ್ನ ಕೊರಳಿಗೆ ಕಟ್ಟಿದ್ದಾರೆ. ಬರೆಯುವಾಗ ನನಗೆ ಏನೂ ಅನಿಸಲಿಲ್ಲ. ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣು ಬಳಿದು, ಹಸಿಯಿರುವಾಗಲೇ ಕೆರೆದು ಬಿಡಿಸಿದ ಆ ಬಳ್ಳಿ, ಹಂಸ, ತಾವರೆಗಳಿಗೆ ಒರಗಿ ಮೂವತ್ತು ವರ್ಷ ಪ್ರಸಾದ ತಿಂದಿದ್ದೇನೆ. ಒಂದು ಹಂಸದ ಮೈಮೇಲೆ ನನ್ನ ತಲೆಯ ಎಣ್ಣೆಯ ಕಲೆಯೂ ಇದೆ. ಆದರೆ ಒಮ್ಮೆಯೂ ತಿರುಗಿ ನೋಡಿದವನಲ್ಲ.

ಟೈಲ್ಸಿನ ದಾನಿ ಪ್ರದೀಪ. ಅಂಕೋಲೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು, ನನ್ನ ಹಳೇ ವಿದ್ಯಾರ್ಥಿ. ಒಳ್ಳೆಯವನೇ. ಆದರೆ ದೇವರಿಗೆ ಒಂದು ಸಣ್ಣ ದೀಪ ಕೊಟ್ಟರೂ ಅದರ ಮೇಲೆ ತನ್ನ ಹೆಸರು ಕೆತ್ತಿಸದೆ ಕೊಡುವವನಲ್ಲ.

2006ರ ಏಪ್ರಿಲ್‌ನಲ್ಲಿ ಜೀರ್ಣೋದ್ಧಾರದ ಆಮಂತ್ರಣ ಪತ್ರಿಕೆ ಮಾಡಿಸಲು ಕಾರವಾರದ ಒಂದು ಡಿಟಿಪಿ ಅಂಗಡಿಗೆ ಹೋದೆ. ಅಲ್ಲಿ ಕಂಪ್ಯೂಟರಿನ ಮುಂದೆ ಕೂರುವವಳು ಕದ್ವಾಡದ ಅಮಿತಾ. ಅವಳ ತಾಯಿಯ ತವರು ನಮ್ಮೂರೇ. ಪರದೆಯ ಮೇಲೆ ದೇವಿಯ ಹೆಸರು ಮೂಡಿಸಿ, "ಇದು ಆದೀತಾ ಕಾಣಿ, ಮಾಸ್ತರ್ರೆ" ಅಂದಳು.

ನಾನು ಕನ್ನಡಕ ಒರೆಸಿಕೊಂಡೆ. ಅಕ್ಷರದ ಮೈ ಕೆಂಪು, ಮೈಯೊಳಗೆ ಉಗುರಿನಿಂದ ಗೀರಿದಂಥ ಬಿಳಿ ಗೆರೆ. ತಲೆಕಟ್ಟು ಬಳ್ಳಿಯ ಕುಡಿಯಾಗಿ ಸುರುಳಿ ಸುತ್ತಿತ್ತು. 'ಮ'ದ ಹೊಟ್ಟೆಯಲ್ಲಿ ತಾವರೆಯ ಮೊಗ್ಗು. 'ಶ್ರೀ'ಯ ದೀರ್ಘ ಹಂಸದ ಕೊರಳಿನ ಹಾಗೆ ಬಾಗಿ ನಿಂತಿತ್ತು. ಜೀವಮಾನವಿಡೀ ಮಕ್ಕಳಿಗೆ ಅಕ್ಷರ ತಿದ್ದಿಸಿದವನು ನಾನು. ಅಕ್ಷರಕ್ಕೆ ಇಷ್ಟು ಚೆಲುವು ಇರುತ್ತದೆಂದು ಆವತ್ತೇ ಗೊತ್ತಾದದ್ದು.

"ಎಲ್ಲಿಂದ ತಂದ್ಯೇ ಇದ್ನ?"

"ನಿಮ್ಮ ಗುಡಿ ಗೋಡೆಯಿಂದ್ಲೇ. ಬಳ್ಳಿ ಮೇಲೆ ಬಟರ್ ಪೇಪರ್ ಇಟ್ಟು ತೆಗ್ದದ್ದು. ಗುಡಿಗೆ ಬಂದು ಬಂದು ಕೂತ್ರೆ ನೀವೆಲ್ಲ ನಂಗೆ ಭಕ್ತಿ ಹೆಚ್ಚಾಗ್ಯದೆ ಅಂದ್ಕಂಡಿದ್ರಿ."

ನನಗೆ ಮುಖ ಎತ್ತಲಾಗಲಿಲ್ಲ. ಅವಳು ಅಚ್ಚಿಗೆ ಜೋಡಿಸುತ್ತಿದ್ದದ್ದು ಅದೇ ಗೋಡೆ ಕೆಡವುವ ಪತ್ರಿಕೆ. ಮಾತು ಮರೆಸಲು, ದಾನಿಗಳ ಹೆಸರನ್ನೂ ಇದೇ ಅಕ್ಷರದಲ್ಲಿ ಹಾಕು ಎಂದೆ. ಅವಳು ಖಡಾಖಂಡಿತ ಬೇಡವೆಂದಳು. "ಇದು ಉಪ್ಪಿನಕಾಯಿ ಇದ್ದಂಗೆ, ಮಾಸ್ತರ್ರೆ. ಎಲೆ ತುದಿಗೆ ಒಂಚೂರು ಸಾಕು. ಎಲೆ ತುಂಬ ಬಡಿಸ್ರೆ ಯಾರು ಉಣ್ತ್ರು?" ಪತ್ರಿಕೆಯಲ್ಲಿ ದೇವಿಯ ಹೆಸರೊಂದೇ ಆ ಅಕ್ಷರದಲ್ಲಿ, ಸುತ್ತ ಬೇಕಾದಷ್ಟು ಜಾಗ ಬಿಟ್ಟುಕೊಂಡು ಬಂತು.

ಪತ್ರಿಕೆ ಹಂಚಿದ ದಿನವೇ ಪ್ರದೀಪ ನನ್ನನ್ನು ಬೈಕಿನ ಮೇಲೆ ಕೂರಿಸಿಕೊಂಡು ಕಾರವಾರಕ್ಕೆ ಓಡಿದ. ಹೊಸ ಗೋಡೆಯ ಕಲ್ಲಿನ ಮೇಲೆ ತನ್ನ ಹೆಸರು ಇದೇ ಅಕ್ಷರದಲ್ಲಿ ಬರಬೇಕೆಂದು ಅವನ ಹಟ. ಅಮಿತಾ ಒಂದು ಗಳಿಗೆ ಅವನ ಮುಖ ನೋಡಿದಳು. "'ಪ್ರ' ಇನ್ನೂ ಆಗ್ಲಿಲ್ಲ. ಒಂದೊಂದು ಅಕ್ಷರದ ಬಾಗು ಗೋಡೆ ಕಂಡ್ಕಂಡೇ ತೆಗೀಬೇಕು. ನೀವು ಗುರುವಾರವೇ ಕೆಡವ್ತ್ರಿ."

"ಹಂಗಾರೆ ಅಕ್ಷರ ಪೂರಾ ಆಗೂವರೆಗೆ ಗೋಡೆ ಮುಟ್ಟೂದು ಬ್ಯಾಡ," ಎಂದು ಪ್ರದೀಪ ಅಲ್ಲೇ ಹುಕುಂ ಹೊರಡಿಸಿದ.

ಆಮೇಲೆ ಪ್ರತಿ ಭಾನುವಾರ ಅವಳು ಬಸ್ಸಿಳಿದು ಬರುವಳು. ಅವಳು ಹತ್ತಿ ನಿಂತ ಬೆಂಚನ್ನು ನಾನು ಹಿಡಿದುಕೊಳ್ಳುವೆ. ಬಳ್ಳಿಯೊಂದು ಎಲ್ಲಿ ಗಂಟು ಹಾಕಿಕೊಂಡು ಎಲ್ಲಿ ಬಿಡಿಸಿಕೊಳ್ಳುತ್ತದೆ ಎಂದು ಬೆರಳಿಟ್ಟು ತೋರಿಸುವಳು. ಹೆಸರೂ ಉಳಿಯದ ಯಾರೋ ಒಬ್ಬ, ಸುಣ್ಣ ಒಣಗುವುದರೊಳಗೆ, ಒಂದೂ ಗೆರೆ ತಪ್ಪದೆ ಎಳೆದಿದ್ದ. ಅವನ ಕೈಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ನನ್ನ ಠರಾವಿನ ನೆನಪಾದಾಗಲೆಲ್ಲ ಬೆಂಚನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಮಳೆ ಕಳೆದು ಸೆಪ್ಟೆಂಬರಿನಲ್ಲಿ ರಸೀದಿ ಪುಸ್ತಕ ಮಾಡಿಸಲು ಅವಳ ಅಂಗಡಿಗೆ ಹೋದರೆ, ಮೇಜಿನ ಮೇಲೆ ಉದ್ದನೆಯ ಹಾಳೆ ಹರಡಿತ್ತು. ಹಾರವಾಡದವರೊಬ್ಬರ ಬೋಟಿನ ಮೂತಿಗೆ ಬರೆಯುವ ಹೆಸರು: ಶ್ರೀ ಪ್ರಸನ್ನ. 'ಪ್ರ' ಠೀವಿಯಿಂದ ನಿಂತಿತ್ತು.

"ಇದೆಂತದೇ?"

ಅವಳು ಹಾಳೆಯನ್ನು ಸುರುಳಿ ಸುತ್ತತೊಡಗಿದಳು. "ಪೂರಾ ಆಗಿ ಮೂರು ತಿಂಗ್ಳಾತು, ಮಾಸ್ತರ್ರೆ. ಆಯ್ತು ಅಂತ ಹೇಳ್ರೆ ಮಾರನೇ ದಿನ ಗೋಡೆ ಇರೂದಿಲ್ಲ. ಅದ್ಕೇ ಸುಳ್ಳು ಹೇಳ್ದೆ."

ನಾನು ರಸೀದಿ ಪುಸ್ತಕದ ಮಾತೂ ಎತ್ತದೆ ಬಸ್ಸು ಹತ್ತಿದೆ.

ಆ ವಾರ ಸಮಿತಿಯ ಸಭೆ. ಅಕ್ಷರದ ಕೆಲಸ ಎಲ್ಲಿಗೆ ಬಂತು ಎಂದು ಒಬ್ಬರು ಕೇಳಿದರು. ಸುಳ್ಳು ಹೇಳಿದ ಮಕ್ಕಳ ಅಂಗೈಗೆ ಬೆತ್ತ ಬೀಸಿದವನು ನಾನು, ದೇವಿಯ ಎದುರೇ ಕೂತು, "ಇನ್ನೂ ಒತ್ತಕ್ಷರ ಪೂರಾ ಬಾಕಿ ಅದೆ. ಕಾಗುಣಿತ ಅಂದ್ರೆ ಆಟ ಅಂದ್ಕಂಡ್ರಾ?" ಎಂದೆ. ಎಲ್ಲರೂ ನಕ್ಕರು. ಪ್ರದೀಪ ನಗಲಿಲ್ಲ. ಗೋಡೆಯ ಕೆಲಸ ಮುಂದಕ್ಕೆ ಎಂದು ಬರೆಯುವಾಗ ನನ್ನ ದುಂಡಕ್ಷರ ಸೊಟ್ಟಗಾಯಿತು.

ಸಭೆ ಮುಗಿದು ಎಲ್ಲರೂ ಹೋದ ಮೇಲೆ ಪ್ರದೀಪ ಗೋಡೆಯ ಹತ್ತಿರ ನಿಂತುಕೊಂಡ. ಬಳ್ಳಿಯ ಮೇಲೆ ನಿಧಾನವಾಗಿ ಬೆರಳಾಡಿಸಿದ.

"ಮಾಸ್ತರ್ರೆ, ನಿನ್ನೆ ಹಾರವಾಡಕ್ಕೆ ಹೋಗಿದ್ದೆ. ಹೊಸ ಬೋಟು ಕಂಡೆ. 'ಪ್ರ' ಚಂದ ಬಂದದೆ."

ನಾನು ಠರಾವಿನ ಪುಸ್ತಕ ಮುಚ್ಚಿದೆ. ಅವನು ಗೋಡೆಯಿಂದ ಕೈ ತೆಗೆಯಲಿಲ್ಲ.

"ಅಮಿತಂಗೆ ಹೇಳಿ, ಗಡಿಬಿಡಿ ಇಲ್ಲ. ಊರವ್ರದ್ದೆಲ್ಲ ಹೆಸ್ರು ಮಾಡ್ಲಿ, ಬೋಟಿಂದು ಮಾಡ್ಲಿ. ನನ್ನ ಹೆಸ್ರು ಕಡೀಗೆ ಮಾಡ್ಲಿ."