ಇಲಿಗಳ ಪಂಕ್ತಿ

ಬೆಳ್ಳಟ್ಟಿ ಶಿವಲಕ್ಷ್ಮಿ ಗದಗಿನ ಒಂದು ಫಾರ್ಮಸಿ ಕಾಲೇಜಿನ್ಯಾಗ ಇಲಿಗಳಿಗೆ ಬೆಣ್ಣಿ, ಸಕ್ಕರಿ ತಿನ್ನಿಸಿ ಅವುಗಳ ಲಿವರಿಗೆ ಕೊಬ್ಬು ಹತ್ತಿಸಿದ್ಲು. ಹೆತ್ತ ಮಕ್ಕಳಿಗೂ ಯಾರೂ ಅಷ್ಟು ಬೆಣ್ಣಿ ಹಾಕಂಗಿಲ್ಲ ಬಿಡ್ರಿ! ಆಮ್ಯಾಲೆ ಎಡಗಡೆ ಸಾಲಿಗೆ ಕಪ್ಪತಗುಡ್ಡದ ನೆಲನೆಲ್ಲಿ ಸತ್ವದ ನೀರು, ಬಲಗಡೆ ಸಾಲಿಗೆ ಬರೇ ನೀರು. ಎಡಗಡೆವು ಆರಾಮಾಗಿ ಬಲಗಡೆವು ಹಂಗ ಉಳದ್ರ ಔಷಧ ಖರೆ, ಆಕಿಗೆ ಪಿಎಚ್‌ಡಿ. ಅದಕ್ಕಂತ ಮೂರು ವರ್ಷ ಜೀವಾ ತೇದಿದ್ಲು.

ತಿಂಗಳಾದ ಮ್ಯಾಲೆ ರಕ್ತದ ರಿಪೋರ್ಟ್ ಬಂತು. ಎರಡೂ ಸಾಲು ಆರಾಮ! ಬರೇ ನೀರು ಕುಡದವು ಹೆಂಗ ಆರಾಮಾದ್ವು ಅಂತ ಶಿವಲಕ್ಷ್ಮಿ ತಲಿ ಹಿಡಕೊಂಡ್ಲು. ಗೈಡ್ ಗವಿಸಿದ್ದೇಶ ಸರ್ ಮಾತ್ರ ಕುಣದಾಡಿದ್ರು. "ನೋಡವಾ, ನಿನ್ನ ಔಷಧ ಎಷ್ಟ ಜೋರ ಐತಿ ಅಂದ್ರ ಕುಡೀಲಾರದವಕ್ಕೂ ಹತ್ತೇತಿ!" ಇಂಥಾ ಗೈಡು ವೈರಿಗೂ ಬ್ಯಾಡ.

ಆಕಿ ನೆಟ್ಟಗ ಇಲಿಗಳಿಗೆ ನೀರಿಡೋ ಆಳು, ಹರ್ತಿ ಊರಿನ ದುರಗವ್ವನ ಕಡೆ ಓಡಿದ್ಲು. "ಯವ್ವಾ, ಬಲಗಡೆ ಸಾಲಿಗೆ ಏನ ಇಟ್ಟೀಯಬೇ?"

"ಔಷಧನ. ನೀ ಕೊಟ್ಟದ್ದನ್ನ ಎರಡೂ ಕಡೆ ಹಂಚೀನಿ," ಅಂದ್ಲು ದುರಗವ್ವ. "ಒಂದ ಸಾಲಿಗೆ ಬಡಿಸಿ, ಎದುರಿನ ಸಾಲಿಗೆ ಇಲ್ಲ ಅನ್ನಾಕ ನನ್ನ ಕೈ ಬರಂಗಿಲ್ಲ. ಪಂಕ್ತಿಭೇದ ಮಾಡಿದ್ರ ಶಿವಾ ಮೆಚ್ಚತಾನನು?"

ಶಿವಲಕ್ಷ್ಮಿ ಹಣಿ ಹಣಿ ಬಡಕೊಂಡ್ಲು. ವಿಶ್ವವಿದ್ಯಾಲಯದವರು ಕಡೀ ವಾಯಿದಾ ಕೊಟ್ರು. ಹೊಸಾ ಇಲಿ ತಂದು, ಮತ್ತ ಬೆಣ್ಣಿ ತಿನ್ನಿಸಿ, ಈ ಸಲ ಬಲಗಡೆ ಸಾಲಿಗೂ ಔಷಧದಂಗ ಕಾಣಲಿ ಅಂತ ಹಸಿರು ಬಣ್ಣ ಕಲಸಿದ ಬರೇ ನೀರು ತುಂಬಿದ್ಲು. "ಎರಡೂ ಔಷಧನ ಯವ್ವಾ, ಬಾಟ್ಲಿ ಅಷ್ಟ ಬ್ಯಾರೆ," ಅಂತ ಸುಳ್ಳು ಹೇಳಿದ್ಲು. ದುರಗವ್ವನ ಮಾರಿ ಅರಳ್ತು.

ರಿಪೋರ್ಟ್ ಬಂತು. ಒಂದೂ ಬಿಡದ ಎಲ್ಲಾ ಇಲಿ ಆರಾಮ, ಗುಂಡುಕಲ್ಲು!

"ಮತ್ತೇನ ಮಾಡಿದೆಬೇ?"

"ರುಚಿ ನೋಡಲಾರದ ಹೆಂಗ ಬಡಸಲಿ? ಒಂದ ಬಾಟ್ಲಿ ಕಹಿ, ಒಂದ ಸಪ್ಪಗ. ಪಾಪ, ನಿನ್ನ ಅಂದಾಜ ತಪ್ಪೇತಿ ಅಂತ ಎರಡೂ ಒಂದ ಬಕೀಟಿಗೆ ಸುರುವಿ ಕಲಸೀನಿ."

ಶಿವಲಕ್ಷ್ಮಿ ಪಂಜರದ ಮುಂದ ಕುಂತು ಬಿಕ್ಕಿ ಬಿಕ್ಕಿ ಅತ್ಲು. "ನಾ ಈಗ ಏನಂತ ಬರೀಲಿ?"

ದುರಗವ್ವ ಬಾಜೂಕ ಕುಂತು ಸೆರಗಿಲೆ ಆಕಿ ಕಣ್ಣೊರಸಿದ್ಲು. "ಎಲ್ಲಾರೂ ಜಡ್ಡಿನ್ಯಾಗಿದ್ರು, ಎಲ್ಲಾರಿಗೂ ಕೊಟ್ವಿ, ಎಲ್ಲಾರೂ ಆರಾಮಾದ್ರು ಅಂತ ಬರಿ ತಂಗಿ. ಅರ್ಧಕ್ಕರ್ಧ ಜಡ್ಡಿನ್ಯಾಗ ಬಿಟ್ಟಿದ್ರ ನಿನಗ ಪದವಿ ಕೊಡತಿದ್ರನು?"

"ಹೂಂ. ಕೊಡತಿದ್ರು."

ದುರಗವ್ವ ಆಕಿ ಮಾರಿನ ನೋಡಿದ್ಲು. ಆಮ್ಯಾಲೆ ರಟ್ಟಿ ಹಿಡಿದು ಎಬ್ಬಿಸಿ, ಹೊರಗ ಕರಕೊಂಡ ಬಂದು, ಇಲಿ ಕೋಣಿಗೆ ಕೀಲಿ ಹಾಕಿ, ಕೀಲಿಕೈ ತನ್ನ ಸೆರಗಿಗೆ ಗಂಟ ಕಟಗೊಂಡ್ಲು.