ತಲೆ ಮುಟ್ಟಿ ಹೇಳು

ಅಮ್ಮನ ಕೈ ನನ್ನ ನೆತ್ತಿಯ ಮೇಲೆ, ಒಂದು ಗೇಣು ಎತ್ತರದಲ್ಲಿ, ಇವತ್ತಿಗೂ ನಿಂತೇ ಇದೆ. ಅವಳ ಮುಖ ಮಸುಕಾಗಿದೆ, ಧ್ವನಿ ಮರೆತುಹೋಗಿದೆ. ಆ ಕೈ ಮಾತ್ರ ಹೋಗಿಲ್ಲ. ಆವತ್ತು ಕೋರ್ಟಿಗೆ ಹೋಗಬೇಕೆಂದು ಅಜ್ಜಿ ನನ್ನ ತಲೆಗೆ ಹರಳೆಣ್ಣೆ ಬಳಿದು, ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಎರಡು ಜಡೆ ಹಾಕಿದ್ದಳು.

ಅಮ್ಮ ದೇವೀರಮ್ಮ ಎಂಬ ಸಿರಿವಂತ ವಿಧವೆಯ ಮನೆಯಲ್ಲಿ ಅಡುಗೆಗಿದ್ದಳು. ಆಕೆಗೆ ಕೆಮ್ಮು ಜಾಸ್ತಿಯಾದಾಗ ಅಮ್ಮ ಹಿಪ್ಪಲಿ ಕಷಾಯ ಕಾಸಿ ಕುಡಿಸಿದಳು. ಬೆಳಗಾಗುವಷ್ಟರಲ್ಲಿ ದೇವೀರಮ್ಮ ಹೋಗಿಬಿಟ್ಟಿದ್ದಳು. ಪೊಲೀಸರು ಕೇಳಿದಾಗ ಅಮ್ಮ, "ಹೌದು ಸ್ವಾಮಿ, ನಾನೇ ಮದ್ದು ಕೊಟ್ಟೆ" ಅಂದಳು. ಊರಿಗೆ ಕೇಳಿಸಿದ್ದು ಮಾತ್ರ "ಮದ್ದು ಹಾಕಿದೆ" ಅಂತ. ಅಮ್ಮ ಹೊಳೆಯಾಚೆಯವಳು. ಹೊಳೆಯಾಚೆಯ ಹೆಂಗಸರು ಅನ್ನದಲ್ಲಿ ಮದ್ದು ಬೆರೆಸಿ ಕೊಲ್ಲುತ್ತಾರೆಂಬುದು ನಮ್ಮೂರಿನ ಕೈಕೂಸಿಗೂ ಗೊತ್ತಿತ್ತು! ಅದೇ ಊರು ವರ್ಷಗಟ್ಟಲೆ ಅವಳ ಕೈಯ ಹೋಳಿಗೆಯನ್ನು ಬೆರಳು ನೆಕ್ಕಿಕೊಂಡು ತಿಂದಿತ್ತು, ಅದು ಬೇರೆ ಮಾತು. ಡಾಕ್ಟರು "ವಿಷ ಇರಬಹುದು, ಇಲ್ಲದೆಯೂ ಇರಬಹುದು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಆ ಕಾಲದಲ್ಲಿ ಅವಳು ತಪ್ಪಿತಸ್ಥಳೋ ಅಲ್ಲವೋ ಎಂದು ಹೇಳಬೇಕಾಗಿದ್ದವರು ಜ್ಯೂರಿಯ ಐದು ಮಂದಿ ಗಂಡಸರು, ಎಲ್ಲರೂ ಊರಿನ ಮರ್ಯಾದಸ್ಥರೇ. ವಾದ ಮುಗಿದ ದಿನ ಅಜ್ಜಿ ನನ್ನನ್ನು ಕಟಕಟೆಯ ಹತ್ತಿರ ಕರೆದುಕೊಂಡು ಹೋದಳು. ಅಮ್ಮ ಬಗ್ಗಿ, ನನ್ನ ತಲೆ ಸವರಲು ಕೈ ಚಾಚಿದಳು. ಅಷ್ಟರಲ್ಲಿ ದೇವೀರಮ್ಮನ ಮಗ ಎದ್ದು ಅರಚಿದ: "ಏಯ್, ನೀನು ಕೊಂದಿಲ್ಲ ಅಂದ್ರೆ ಮಗಳ ತಲೆ ಮುಟ್ಟಿ ಹೇಳು! ಮುಟ್ಟು, ನೋಡೋಣ!"

ಕೈ ನಿಂತಿತು. ಆಮೇಲೆ ಕೆಂಡ ತಾಗಿದ ಹಾಗೆ ಹಿಂದಕ್ಕೆ ಹೋಯಿತು.

ನ್ಯಾಯಾಧೀಶರು ಅವನನ್ನು ಗದರಿ ಕೂರಿಸಿದರು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಜ್ಯೂರಿಗೂ ಹೇಳಿದರು. ಕಂಡದ್ದನ್ನು ಕಾಣಲಿಲ್ಲ ಅಂದುಕೊಳ್ಳುವುದು ಯಾರಿಂದಾದೀತು? ಸಂಜೆ ನಾಲ್ವರು ಅಪರಾಧಿ ಅಂದರು, ಒಬ್ಬರು ಅಲ್ಲ ಅಂದರು. ಅಮ್ಮನಿಗೆ ಜೀವಾವಧಿಯಾಯಿತು. ಕೆಲವು ವರ್ಷಗಳಲ್ಲಿ ಜೈಲಿನಲ್ಲೇ ತೀರಿಕೊಂಡಳು.

ನಾನು ಅವಳನ್ನು ಪೂರ್ತಿ ನಂಬಿದ್ದೆ ಅಂದರೆ ಸುಳ್ಳಾಗುತ್ತದೆ. ಮುಟ್ಟಿಬಿಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಮಹಾತಾಯಿ! ಒಮ್ಮೆ ಜೈಲಿನಲ್ಲಿ ಕೇಳಿಯೂ ಕೇಳಿದೆ. "ನಿಜಕ್ಕಾಗ್ಲಿ ಸುಳ್ಳಿಗಾಗ್ಲಿ, ಮಕ್ಕಳ ತಲೆ ಮೇಲೆ ಆಣೆ ಇಡಬಾರದು ಕಣೇ" ಅಂದಳು. ಜಾರಿಕೊಳ್ಳುವ ಮಾತು ಅನ್ನಿಸಿತು. ಆ ಅನುಮಾನವನ್ನು ಮಡಿಲಲ್ಲಿ ಕಟ್ಟಿಕೊಂಡೇ ಮದುವೆಯಾದೆ, ಮಗಳನ್ನು ಹೆತ್ತೆ.

ಮಗಳು ಚಂಪಾ ಶಾಲೆಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಒಂದು ಬೆಳಿಗ್ಗೆ ಜಗಲಿಯ ಮೇಲೆ ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದೆ. ಕೋಲೂರಿಕೊಂಡು ಒಬ್ಬರು ಮುದುಕರು ಬಂದರು.

"ನಾನು ಜವಳಿ ಅಂಗಡಿ ಗುರುಬಸಪ್ಪ. ನಿಮ್ಮಮ್ಮನ ಕೇಸಲ್ಲಿ ಜ್ಯೂರಿಯಾಗಿದ್ದೆ."

ನನಗೆ ಮೈಯೆಲ್ಲ ಉರಿಯಿತು. "ನಾಲ್ವರಲ್ಲಿ ಒಬ್ರೋ, ಆ ಒಬ್ರೋ?"

"ನಾಲ್ವರಲ್ಲಿ ಒಬ್ಬ, ತಾಯಿ."

"ಹಾಗಾದ್ರೆ ಬಂದ ದಾರಿಗೆ ಸುಂಕವಿಲ್ಲ, ಹೊರಡಿ."

ಅವರು ಹೊರಡಲಿಲ್ಲ. ಮೆಟ್ಟಿಲ ಮೇಲೆ ಕೂತು ತಮ್ಮಷ್ಟಕ್ಕೆ ಹೇಳತೊಡಗಿದರು. "ನಾವೈದು ಜನ ಬಾಗಿಲು ಹಾಕ್ಕೊಂಡು ಕೂತ ಮೇಲೆ ಡಾಕ್ಟರ ಮಾತು ಯಾರೂ ಎತ್ತಲಿಲ್ಲ ಕಣಮ್ಮ. ಬರೀ ಆ ಕೈಯದೇ ಮಾತು. ದಾಸಪ್ಪ ಮೇಷ್ಟ್ರು ಒಬ್ರೇ ಅಡ್ಡ ನಿಂತ್ರು. 'ಅಷ್ಟು ಖಾತ್ರಿ ಇದ್ರೆ, ಅವಳೇ ಕೊಂದಳು ಅಂತ ನಿಮ್ಮ ನಿಮ್ಮ ಮಕ್ಕಳ ಮೇಲೆ ಆಣೆ ಇಟ್ಟು ಹೇಳಿ' ಅಂದ್ರು. ಯಾರೂ ಆಣೆ ಇಡಲಿಲ್ಲ. ನನಗೆ ಒಬ್ಬನೇ ಮಗ. ಅವನ ಹೆಸರು ನಾಲಿಗೆಗೆ ಬರಲಿಲ್ಲ."

"ಆಮೇಲೆ?"

"ಆಣೆಗೀಣೆ ಹೆಂಗಸರ ಮಾತು, ನಾವು ಕಾನೂನು ನೋಡೋಣ ಅಂದ್ರು ಒಬ್ರು. ನಾಲ್ಕು ಜನ ಕೈ ಎತ್ತಿದ್ವಿ."

"ನಿಮ್ಮ ಕಾನೂನಿಗೆ ಬೆಂಕಿ ಹಾಕ!" ಅಂದೇಬಿಟ್ಟೆ. ಚಂಪಾಳ ಜಡೆಯನ್ನು ಇನ್ನಷ್ಟು ಬಿಗಿಯಾಗಿ ಹೆಣೆದೆ.

ಅವರು ಬೇಸರ ಪಟ್ಟುಕೊಳ್ಳಲಿಲ್ಲ. ಬೈಸಿಕೊಳ್ಳಲು ಬಂದವರಲ್ಲ, ಕ್ಷಮೆ ಕೇಳಲು ಬಂದವರೂ ಅಲ್ಲ. "ಆ ಮಗ ಈಗ ಹಾಸಿಗೆ ಹಿಡಿದಿದ್ದಾನೆ. ಡಾಕ್ಟರು ಕೈಬಿಟ್ಟಿದ್ದಾರೆ. ನಿಜ ಹೇಳು, ನಿಮ್ಮಮ್ಮ ಸಾಯೋವಾಗ ನಮಗೆ ಶಾಪ ಹಾಕಿದ್ಲಾ?"

"ಇಲ್ಲ" ಅಂದೆ. ಅದು ಸತ್ಯ. ಅವರ ಹೆಸರನ್ನು ಅಮ್ಮ ಒಂದು ಸಲವೂ ಎತ್ತಿದವಳಲ್ಲ. ನೋಡಲು ಹೋದಾಗಲೆಲ್ಲ ಅವಳು ಕೇಳುತ್ತಿದ್ದುದು, ಅಜ್ಜಿ ತಲೆಗೆ ಎಣ್ಣೆ ಹಚ್ಚುತ್ತಾಳಾ ಅಂತ.

ಮುದುಕರಿಗೆ ನಂಬಿಕೆ ಬರಲಿಲ್ಲ. ಕೈ ಜೋಡಿಸಿದರು. "ಹಾಗಂತ ಈ ಮಗು ತಲೆ ಮುಟ್ಟಿ ಹೇಳು ತಾಯಿ. ಅಷ್ಟು ಸಾಕು."

ಹೊಸದಾಗಿ ಮುಟ್ಟುವುದೇನು, ನನ್ನ ಕೈ ಆಗಲೇ ಅವಳ ಕೂದಲಲ್ಲಿತ್ತು. ಹೇಳಬೇಕಾದ್ದು ನಿಜ. ಒಂದು ಮಾತು ಅಂದಿದ್ದರೆ ಅವರು ನೆಮ್ಮದಿಯಾಗಿ ಮಗನ ಹತ್ತಿರ ಹೋಗುತ್ತಿದ್ದರು. ಆದರೆ ನನ್ನ ಕೈ ನನ್ನನ್ನು ಕೇಳದೆ ಮೇಲೆದ್ದು ಬಂತು.

ಗುರುಬಸಪ್ಪನವರು ಆ ಕೈಯನ್ನೇ ನೋಡಿದರು. ಆವತ್ತು ಕೋರ್ಟಿನಲ್ಲೂ ಹೀಗೆಯೇ ನೋಡಿರಬೇಕು.

"ಗೊತ್ತಾಯ್ತು ಬಿಡಮ್ಮ" ಎಂದು ಗೋಡೆ ಹಿಡಿದು ಎದ್ದು ಬೀದಿಗಿಳಿದರು.

"ನಿಲ್ಲಿ! ಅವಳು ಶಾಪ ಹಾಕಿಲ್ಲ, ನಿಜವಾಗ್ಲೂ ಹಾಕಿಲ್ಲ!" ಎಂದು ಕೂಗಿದೆ. ಅವರು ತಿರುಗಿ ನೋಡಲಿಲ್ಲ.

"ಅಮ್ಮಾ, ಇನ್ನೊಂದು ಜಡೆ?" ಅಂದಳು ಚಂಪಾ. ನನ್ನ ಎಣ್ಣೆಗೈ ಅವಳ ನೆತ್ತಿಯ ಮೇಲೆ, ಒಂದು ಗೇಣು ಎತ್ತರದಲ್ಲಿ, ಇನ್ನೂ ನಿಂತೇ ಇತ್ತು.