ಮೂರನೆಯ ತಿರುವಿನ ನಡುಕ

ಗಾಜಿನ ಅಂಚಿಗೆ ಹತ್ತಿದ ಹಿಮದ ಪುಡಿ ಹೀಟರಿನ ಗಾಳಿಗೆ ಕರಗಿ ಗೆರೆಗೆರೆಯಾಗಿ ಇಳಿಯುತ್ತಿದೆ, ಒಂದು ಗೆರೆ ನೇರ, ಇನ್ನೊಂದು ಅರ್ಧಕ್ಕೇ ನಿಂತು ಯೋಚಿಸುತ್ತಿದೆ, ಮಾರ್ಚ್ ಬಂದ ಸುದ್ದಿ ಈ ಉತ್ತರದ ಊರಾದ ಉಮೆಯೊಗೆ ಇನ್ನೂ ಮುಟ್ಟಿಲ್ಲ, ಹೊರಗೆ ಮೈನಸ್ ಹನ್ನೆರಡು, ಒಂಬತ್ತು ಗಂಟೆ ಇಪ್ಪತ್ತೆಂಟು ನಿಮಿಷ, ಇನ್ನೆರಡು ನಿಮಿಷಕ್ಕೆ ಫೀಕಾ, ಕೈಯಲ್ಲಿದ್ದ ಕೆಲಸ ಕೈಬಿಟ್ಟು ಇಡೀ ದೇಶವೇ ಕಾಫಿಗೆ ಕೂರುವ ಹೊತ್ತು, ಪಕ್ಕದ ಚಾಲಕನ ಸೀಟಿನಲ್ಲಿ ಲೆನಾರ್ಟ್, ಮೂವತ್ತು ವರ್ಷ ಗಣಿ ಟ್ರಕ್ಕುಗಳನ್ನು ಪರೀಕ್ಷಿಸಿದ ಮನುಷ್ಯ, ಎರಡನೆಯ ಸುತ್ತು ಮುಗಿಸಿ ಕೀಲಿಗೆ ಕೈ ಹಾಕಿದ್ದ — ಇಳಿಯಬೇಡಿ, ಎಂದುಬಿಟ್ಟಳು ನೀರಜಾ, ಈಗಲೇ ಮೂರನೆಯ ಸುತ್ತು ಹೋಗೋಣ. ಆತ ನೋಡಿದ. ಈ ಊರಿನ ಮೌನಕ್ಕೆ ಅವಳು ಹೆದರುವುದನ್ನು ಬಿಟ್ಟು ಬಹಳ ದಿನವಾಯಿತು, ಅದರೊಳಗೆ ಹೂಂ ಇದೆಯೋ ಬೇಡ ಇದೆಯೋ, ಹಲಸಿನಹಣ್ಣು ಬಿಡಿಸುವವರ ಹಾಗೆ ತಾಳ್ಮೆಯಿಂದ ಕಾಯಬೇಕು, ಕಾದಳು. ಕಾಫಿ ಆರಿಹೋಗುತ್ತೆ, ಎಂದ ಕೊನೆಗೆ. ಕಾಫಿ ಆರಲಿ, ಬ್ರೇಕ್ ಆರಬಾರದು. ಹೇಳಿದ್ದು ತಾನೇನಾ? ಟ್ರಕ್ಕು ಹೊರಟಿತು, ಬೆನ್ನ ಮೇಲೆ ನಲವತ್ತು ಟನ್ ಕಲ್ಲು, ಇಳಿಜಾರಿನ ನೆತ್ತಿಗೆ ಏರಬೇಕು, ಮತ್ತೆ ಇಳಿಯಬೇಕು, ಈ ಪರೀಕ್ಷಾ ಬಯಲಿನಲ್ಲಿರುವುದು ಒಂದೇ ತಿರುವು, ಸುತ್ತಿಗೊಂದು ತಿರುವು, ಮೂರು ವಾರದಿಂದ ಎರಡು ಸುತ್ತು, ಫೀಕಾ, ಎರಡು ಸುತ್ತು, ಊಟ, ಎರಡು ಸುತ್ತು, ಮನೆ, ಅಷ್ಟರಲ್ಲಿ ಬ್ರೇಕು ತಣ್ಣಗೆ, ನಡುಕ ಅಳೆಯುವ ಪರದೆಯ ಮೇಲೆ ಗೆರೆ ತಣ್ಣಗೆ, ಎಲ್ಲರ ಮುಖವೂ ತಣ್ಣಗೆ. ಬ್ರೇಕು ಬಿಸಿಯಾಗಲು ಬಿಟ್ಟೇ ಇಲ್ಲವೆಂದು ಅವಳಿಗೆ ಹೊಳೆದದ್ದು ನಿನ್ನೆ, ಬಸ್ಸಿನಲ್ಲಿ, ಕೈಗವಸು ಹುಡುಕುವಾಗ.

ಎರಡು ಅಲ್ಲ, ಇನ್ಹೆನಿಯೆರಾ, ಮೂರನೆಯದರಲ್ಲಿ, ಎಂದಿದ್ದಳಲ್ಲ ಮಾರಿಸೋಲ್, ಚಿಲಿಯ ಮರುಭೂಮಿಯಲ್ಲಿ ಇದೇ ಟ್ರಕ್ಕು ಓಡಿಸುವ ಮಾರಿಸೋಲ್, ಇಂಜಿನಿಯರಮ್ಮ ಎಂದೇ ಅಲ್ಲಿ ಎಲ್ಲರೂ ಕರೆದದ್ದು, ಹೆಸರು ಹಿಡಿದು ಕರೆಯಲು ಎರಡು ತಿಂಗಳು ಬೇಕಾಯಿತು, ತಪ್ಪು ಯಾರದು, ತನ್ನದೇ, ಕಂಪನಿ ಎಂಟು ತಿಂಗಳಿಗೆಂದು ಕಳಿಸಿದ್ದ ಗಣಿ, ಸಂಜೆ ಹೊತ್ತು ಸ್ಪ್ಯಾನಿಷ್ ಕ್ರಿಯಾಪದ ಬಾಯಿಪಾಠ, ಬಿಸಿಲಿಗೆ ಸೀಳಿದ ತುಟಿ, ಎಲ್ಲಕ್ಕೂ ಒಗ್ಗಿದಳು, ಊಟದ ಮೇಜಿಗೆ ಒಗ್ಗಲಿಲ್ಲ. ಎಂಜಲ ಕೈ ಒಣಗಿಸ್ಕೊಂತ ಕೂಡಬ್ಯಾಡ, ದರಿದ್ರ ಬರತೈತಿ, ಧಾರವಾಡದ ಅಡುಗೆಮನೆಯಿಂದ ಅವ್ವನ ದನಿ ಇಪ್ಪತ್ತು ವರ್ಷ ಬೆನ್ನು ಹತ್ತಿದೆ, ಬ್ರೆಡ್ಡಿನಲ್ಲಿ ಬೀನ್ಸ್ ಬಳಿದು ತಿಂದಳೋ, ಎದ್ದಳು, ಕೈ ತೊಳೆದಳು, ತಟ್ಟೆ ತೊಳೆದಳು, ಹೊರಟಳು. ಮಾರಿಸೋಲ್ ಭಾನುವಾರ ಮನೆಗೆ ಕರೆದಾಗಲೂ ಹಾಗೆಯೇ, ಮಾಂಸ ತಿನ್ನುವುದಿಲ್ಲವೆಂದು ಅವಳಿಗಾಗಿಯೇ ಕುಂಬಳಕಾಯಿ ಬೇಯಿಸಿದ್ದರು, ತಿಂದು, ಕೈ ತೊಳೆದು, ಬಹಳ ರುಚಿಯಾಗಿತ್ತು ಎಂದು ವ್ಯಾಕರಣ ತಪ್ಪದೆ ಹೇಳಿ ಬಾಗಿಲಿಗೆ ಬಂದರೆ ಎಂಟು ಜನ ಕುರ್ಚಿಯಲ್ಲೇ ಕೂತು ಅವಳನ್ನೇ ನೋಡುತ್ತಿದ್ದಾರೆ. ನಮ್ಮ ಜೊತೆ ಕೂರೋಕೆ ಅಷ್ಟು ಕಷ್ಟಾನಾ? ಮಾರಿಸೋಲ್ ನಗುತ್ತಲೇ ಕೇಳಿದ್ದಳು, ಕಣ್ಣು ನಗಲಿಲ್ಲ. ಮುಂದಿನ ಭಾನುವಾರ ಕೂತಳು. ಕೈ ಒಣಗಿತು, ಬೆರಳ ಸಂದು ಬಿಗಿಯಿತು, ಅವ್ವ ಒಳಗೊಳಗೇ ಬೈದಳು, ಕೂತಳು, ನಾಯಿಯ ಆಪರೇಷನ್, ತಂಗಿಯ ಎರಡನೆಯ ಮದುವೆ, ಪಾದ್ರಿಯ ಹೊಸ ಬೈಕು, ಒಂದು ಗಂಟೆ, ಎರಡು, ಆಮೇಲೆ ಯಾರೂ ಕೇಳದೆಯೇ ಮಾರಿಸೋಲ್ ಅಂಗೈಯನ್ನು ಮೇಜಿನ ಮೇಲೆ ಅಗಲವಾಗಿ ಹರಡಿದಳು, ಆ ಟ್ರಕ್ಕು ಇದೆಯಲ್ಲ, ತುಂಬಿಕೊಂಡು ಇಳಿಯುವಾಗ ಮೂರನೆಯ ತಿರುವಿನಲ್ಲಿ ಹೀಗೆ ಮಾಡುತ್ತೆ — ಅಂಗೈ ನಡುಗಿತು, ಐದೂ ಬೆರಳು, ಚಮಚಗಳು ಕಿಣಿಕಿಣಿ ಎಂದವು. ದೂರಿನ ಫಾರ್ಮಿನಲ್ಲಿ ಯಾಕೆ ಬರೆಯಲಿಲ್ಲ? ಬರೆಯೋಕೆ ಜಾಗ ಎಲ್ಲಿದೆ, ಮೇಲಿನವರಿಗೆ ಬಾಯಲ್ಲೇ ಹೇಳಿದೆ, ನಿನಗೆ ವಯಸ್ಸಾಯ್ತು, ನಡುಗೋದು ನೀನೇ ಅಂದರು.

ಇವತ್ತು ಪರೀಕ್ಷೆಯ ಕಡೆಯ ದಿನ. ಸಂಜೆಯೊಳಗೆ ನಡುಕ ಕಾಣದಿದ್ದರೆ ಕಡತ ಮುಚ್ಚುತ್ತದೆ, ದೋಷ ಚಾಲಕಿಯದು ಎಂಬ ಒಂದು ಸಾಲು, ಮಾರಿಸೋಲ್ ಟ್ರಕ್ಕಿನಿಂದ ಇಳಿದು ಅಂಗಳ ತೊಳೆಯುವ ಪೈಪು ಹಿಡಿಯುತ್ತಾಳೆ, ಐವತ್ತೆರಡನೆಯ ವಯಸ್ಸಿನಲ್ಲಿ. ರೇಡಿಯೋ ಕರಕರ, ಕೆಳಗೆ ಕಂಟೇನರಿನಲ್ಲಿ ಪರದೆ ಕಾಯುವ ಸುಹಾಸ್, ನೀರಜಾ, ಇಲ್ಲಿ ಎಲ್ರೂ ಕಪ್ ಹಿಡ್ಕೊಂಡು ನನ್ ಮುಖಾನೇ ನೋಡ್ತಿದಾರೆ ಕಣ್ರೀ, ಏನ್ ಹೇಳ್ಲಿ? ಕಾಯಲಿ ಅಂತ ಹೇಳ್ರಿ. ಫೀಕಾ ನಿಲ್ಸಿದ್ರು ಅಂತ ನಿಮ್ ವರ್ಕ್ ಪರ್ಮಿಟ್ ಕ್ಯಾನ್ಸಲ್ ಮಾಡ್ತಾರೆ ನೋಡಿ, ಬೆಂಗಳೂರಿನ ನಗು, ಒಳ್ಳೆಯ ಹುಡುಗ, ಡೇಟಾದಲ್ಲೇ ಇಲ್ಲ ಅಂದ್ಮೇಲೆ ಬಿಟ್ಬಿಡಿ ಎಂದು ನಿನ್ನೆವರೆಗೂ ಹೇಳಿದವನು. ನೆತ್ತಿ ಬಂತು. ಇಳಿತ. ಲೆನಾರ್ಟ್ ಬ್ರೇಕ್ ಒತ್ತಿದ, ಪೈನ್ ಮರಗಳು ಓರೆಯಾದವು, ತಿರುವಿನ ಬಾಯಿ, ಏನೂ ಇಲ್ಲ, ಸೀಟು ಕಲ್ಲಿನಂತೆ ಗಟ್ಟಿ, ಏನೂ ಇಲ್ಲ, ಮೇಜಿನ ಮೇಲೆ ಅಂಗೈ, ಅಗಲವಾಗಿ ಹರಡಿದ ಅಂಗೈ, ಬಾ, ಬಾರೇ ತಾಯಿ — ಬಂತು. ಮೊದಲು ಬೆನ್ನಹುರಿಯ ಬುಡಕ್ಕೆ, ಆಮೇಲೆ ಹಲ್ಲಿಗೆ, ಕಿಟಕಿಯ ಗೆರೆಗಳೆಲ್ಲ ಚೂರುಚೂರು, ಸುಹಾಸ್! ಬಂತು! ಅವಳು ಕೂಗಿದಳು, ಈ ಎರಡು ವರ್ಷದಲ್ಲಿ ಈ ದೇಶದಲ್ಲಿ ಒಮ್ಮೆಯೂ ಕೂಗಿರಲಿಲ್ಲ, ರೇಡಿಯೋ ತುಂಬ ಗದ್ದಲ, ಬಂತು ರೀ, ಗೆರೆ ಕುಣೀತಾ ಇದೆ, ಕಪ್ ಎಲ್ಲಾ ಕೆಳಗಿಟ್ರು, ಅಯ್ಯೋ ನೋಡಿ, ಕುಣೀತಾ ಇದೆ! ನಗು ಬಂತು, ತಡೆಯಲಿಲ್ಲ, ವಯಸ್ಸಾಯ್ತಂತೆ, ಯಾರಿಗೆ ವಯಸ್ಸಾಯ್ತು, ಇವತ್ತೇ ಫೋನ್ ಮಾಡಬೇಕು, ಅಲ್ಲಿ ಈಗ ನಸುಕು, ಎದ್ದಿರುತ್ತಾಳೆ, ಬೂಟು ಹಾಕುತ್ತಿರುತ್ತಾಳೆ, ಏನೆಂದು ಹೇಳಲಿ, ಯಾವ ಕ್ರಿಯಾಪದ, ಮತ್ತು ಲೆನಾರ್ಟ್ ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು, ಬರಿಗೈಯನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟ, ಹರಡಿದ, ಅಗಲವಾಗಿ, ಐದೂ ಬೆರಳು, ಮತ್ತು ಅಂಗೈ, ಅಂಗೈ, ನಡುಗುತ್ತಿರುವ ಅಂಗೈ